ಮಗುವನ್ನು ಗುರುತಿಲ್ಲದವರ ಕೈಗೆ ಕೊಟ್ಟ ಅಮ್ಮಂದಿರು: ಆಮ್‌ಸ್ಟರ್‌ಡ್ಯಾಮಿನ ಒಂದು ಶಿಶುವಿಹಾರದ ಬಗ್ಗೆ

ಕಾಲುವೆ ದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬಿಡುವಿದ್ದಾಗ ಓದಿ.

ನಾವು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೀನ್‌ಗೆ ಬಂದು ಆರು ವರ್ಷ ಆಯಿತು. ಮಗಳಿಗೆ ಈಗ ನಾಲ್ಕು. ಅವಳನ್ನು ಆರ್ಟಿಸ್ ಮೃಗಾಲಯಕ್ಕೆ ಕರೆದುಕೊಂಡು ಹೋಗುವಾಗ 14ನೇ ನಂಬರ್ ಟ್ರಾಮ್ ಹತ್ತುತ್ತೇವೆ. ಅದು ಪ್ಲಾಂಟಾಜೆ ಮಿಡನ್‌ಲಾನ್ ಅನ್ನೋ ರಸ್ತೆಯಲ್ಲಿ ಹೋಗುತ್ತದೆ. ಆ ರಸ್ತೆಯಲ್ಲಿ ಏನು ನಡೆದಿತ್ತು ಅಂತ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಕಳೆದ ತಿಂಗಳು ಒಬ್ಬಳೇ ಅಲ್ಲಿನ ಹೋಲೋಕಾಸ್ಟ್ (ಎರಡನೇ ಮಹಾಯುದ್ಧದಲ್ಲಿ ನಾಜಿ ಜರ್ಮನಿ ಮಾಡಿದ ಯಹೂದಿಗಳ ಸಾಮೂಹಿಕ ಕೊಲೆ) ಮ್ಯೂಸಿಯಂಗೆ ಹೋದೆ. ಅವತ್ತಿನಿಂದ ತಲೆಯಲ್ಲಿ ಅದೇ ಕೂತಿದೆ.

ರಸ್ತೆಯ ಒಂದು ಕಡೆ ನಾಟಕದ ಥಿಯೇಟರ್ ಇತ್ತು, ಹೊಲಾಂಡ್ಸ ಸ್ಕೌಬುರ್ಗ್. ಆಗ ದೇಶವನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ನರು 1942ರಲ್ಲಿ ಅದನ್ನು ಯಹೂದಿಗಳನ್ನು ಕೂಡಿಹಾಕುವ ಜಾಗ ಮಾಡಿಕೊಂಡರು. ಮನೆಯಿಂದ ಎಳೆದು ತಂದವರನ್ನು ಇಲ್ಲಿ ಇಟ್ಟು, ಆಮೇಲೆ ವೆಸ್ಟರ್‌ಬೋರ್ಕ್ ಕ್ಯಾಂಪಿಗೆ, ಅಲ್ಲಿಂದ ರೈಲಿನಲ್ಲಿ ಪೋಲೆಂಡಿನ ಸಾವಿನ ಕ್ಯಾಂಪುಗಳಿಗೆ. ಒಳಗೆ ಕಾಲಿಡಲು ಜಾಗ ಇಲ್ಲ, ಮಕ್ಕಳ ಅಳು. ಅದಕ್ಕೆ ಸಣ್ಣ ಮಕ್ಕಳನ್ನು ಎದುರುಗಡೆ ಇದ್ದ ಶಿಶುವಿಹಾರಕ್ಕೆ ಕಳಿಸಿದರು. ಅಪ್ಪ ಅಮ್ಮ ರಸ್ತೆಯ ಈ ಕಡೆ, ಮಕ್ಕಳು ಆ ಕಡೆ. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ಟೆ ಪಿಮೆಂಟೆಲ್, ಅರವತ್ತು ದಾಟಿದ ಹೆಂಗಸು. ಥಿಯೇಟರಿನ ಒಳಗೆ ಆಡಳಿತ ನೋಡುತ್ತಿದ್ದವರು ವಾಲ್ಟರ್ ಸೂಸ್‌ಕಿಂಡ್. ಇಬ್ಬರೂ ಯಹೂದಿಗಳೇ. ಇಬ್ಬರೂ ಸೇರಿ ಮಕ್ಕಳನ್ನು ಹೊರಗೆ ಸಾಗಿಸಲು ಶುರು ಮಾಡಿದರು.

ಮೊದಲು ಸೂಸ್‌ಕಿಂಡ್ ಮಗುವಿನ ಹೆಸರನ್ನು ದಾಖಲೆಯಿಂದ ತೆಗೆಯಬೇಕು. ಹೆಸರು ಕಾಗದದ ಮೇಲೆ ಇಲ್ಲದಿದ್ದರೆ ಲೆಕ್ಕ ತಪ್ಪುವುದಿಲ್ಲ. ಆಮೇಲೆ ಮಗುವನ್ನು ಬೆನ್ನ ಚೀಲದಲ್ಲೋ, ಬಟ್ಟೆ ಬುಟ್ಟಿಯಲ್ಲೋ, ಆಲೂಗಡ್ಡೆ ಮೂಟೆಯಲ್ಲೋ ಇಟ್ಟು ಹೊರಗೆ ಒಯ್ಯಬೇಕು. ಥಿಯೇಟರ್ ಬಾಗಿಲಲ್ಲಿ ಕಾವಲುಗಾರರು. ಅವರ ಕಣ್ಣು ನೇರ ಶಿಶುವಿಹಾರದ ಬಾಗಿಲ ಮೇಲೆ. ಮಧ್ಯೆ ಟ್ರಾಮ್ ಬಂದರೆ ಮಾತ್ರ ಮರೆ. ಟ್ರಾಮ್ ಬರುವುದನ್ನೇ ಕಾದು, ಅದು ಅಡ್ಡ ಬಂದಾಗ ಮಗುವನ್ನು ಎತ್ತಿಕೊಂಡು ಹೊರಬಿದ್ದು, ಅದರ ಜೊತೆಗೇ ಓಡಿ ಮುಂದಿನ ನಿಲ್ದಾಣದಲ್ಲಿ ಹತ್ತುತ್ತಿದ್ದರು.

ಪಕ್ಕದಲ್ಲಿ ಮೇಷ್ಟ್ರುಗಳ ತರಬೇತಿ ಕಾಲೇಜು. ಎರಡಕ್ಕೂ ಹಿತ್ತಲು ಅಂಟಿಕೊಂಡಿತ್ತು. ಕಾಲೇಜಿನ ಮುಖ್ಯಸ್ಥ ಯೋಹಾನ್ ವಾನ್ ಹುಲ್ಸ್ಟ್ ಹಿತ್ತಲಿನ ಗಿಡದ ಬೇಲಿ ಮೇಲಿಂದ ಮಕ್ಕಳನ್ನು ಕೈಗೆ ಕೈ ದಾಟಿಸಿಕೊಂಡು ತಮ್ಮ ಕಟ್ಟಡದಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಕಾಲೇಜು ಕಟ್ಟಡವೇ 2024ರ ಮಾರ್ಚ್‌ನಲ್ಲಿ ಮ್ಯೂಸಿಯಂ ಆಗಿದೆ. ಹೀಗೆ ಉಳಿದ ಮಕ್ಕಳು ಸುಮಾರು 600.

ಶಿಶುವಿಹಾರದ ಹಳೇ ಕಟ್ಟಡ ಈಗ ಇಲ್ಲ. ನಾನು ಅದು ಇದ್ದ ಕಡೆಯ ಫುಟ್‌ಪಾತ್ ಮೇಲೆ ನಿಂತು ಒಂದು ಟ್ರಾಮ್ ಹಾದು ಹೋಗಲು ಎಷ್ಟು ಹೊತ್ತು ಬೇಕು ಅಂತ ಎಣಿಸಿದೆ. ಒಂದು, ಎರಡು, ಮೂರು ಅಂತ. ಆರಕ್ಕೆ ಎದುರಿನ ಥಿಯೇಟರ್ ಮತ್ತೆ ಕಾಣಿಸಿತು.

ನನ್ನನ್ನು ಕಾಡುತ್ತಿರುವುದು ಅಪ್ಪ ಅಮ್ಮಂದಿರು. ಅವರನ್ನು ಕೇಳದೆ ಮಗುವನ್ನು ಕಳಿಸುವ ಹಾಗಿರಲಿಲ್ಲ. ಒಂದು ರಾತ್ರಿಯೊಳಗೆ ಹೂಂ ಅನ್ನಬೇಕು, ಇಲ್ಲ ಊಹೂಂ ಅನ್ನಬೇಕು. ಮಗು ಎಲ್ಲಿಗೆ ಹೋಗುತ್ತದೆ ಅಂತ ಹೇಳುವುದಿಲ್ಲ, ಹೇಳಿದರೆ ಹೊಡೆತ ಬಿದ್ದಾಗ ಬಾಯಿ ಬಿಡಬಹುದು ಅಂತ. ಹೇಗೆ ಮನಸ್ಸು ಬಂತು ಅವರಿಗೆ? ನಿಮಗೆ ತೋಚಿದ್ದು ಬರೆಯಿರಿ.

ಮಕ್ಕಳ ವಾರ್ಡು:

ಅಕ್ಕಾ, ಇದನ್ನು ನೈಟ್ ಡ್ಯೂಟಿಯಲ್ಲಿ ಓದಿದೆ. ನಾನು ಹದಿನೈದು ವರ್ಷದಿಂದ ಮಕ್ಕಳ ವಾರ್ಡಿನಲ್ಲಿ ನರ್ಸ್.

ನೀವು ಬರೆದಿದ್ದರಲ್ಲಿ ಒಂದು ಸೇರಿಸಬೇಕು ಅನಿಸಿತು. ಆ ಪ್ರಶ್ನೆಯನ್ನು ಅಪ್ಪ ಅಮ್ಮಂದಿರ ಹತ್ತಿರ ಹೋಗಿ ಕೇಳುತ್ತಿದ್ದವರಲ್ಲಿ ಶಿಶುವಿಹಾರದ ಹುಡುಗಿಯರೂ ಇದ್ದರು. ಹದಿನೇಳು, ಹದಿನೆಂಟು, ಇಪ್ಪತ್ತು ವರ್ಷದವರು. ಅವರೂ ಯಹೂದಿಗಳು, ಅವರ ಮನೆಯವರನ್ನೂ ಇದೇ ಥಿಯೇಟರಿಗೆ ತರುತ್ತಿದ್ದರು. ಥಿಯೇಟರಿಗೆ ಹೋಗಿ, ಪಿಸುಮಾತಿನಲ್ಲಿ, ನಿಮ್ಮ ಮಗುವನ್ನು ನಮಗೆ ಬಿಟ್ಟು ಹೋಗುತ್ತೀರಾ ಅಂತ ಕೇಳಬೇಕು. ಒಪ್ಪಿದ ಅಮ್ಮನಿಗೆ ರೈಲಿಗೆ ಹೋಗುವ ದಿನ ಬಟ್ಟೆ ಸುತ್ತಿದ ಗೊಂಬೆ ಕೊಡುತ್ತಿದ್ದದ್ದೂ ಇತ್ತು. ಎದೆಗೆ ಒತ್ತಿಕೊಂಡು ನಡೆದರೆ ಕಾವಲುಗಾರನಿಗೆ ಕೂಸು ಇದ್ದ ಹಾಗೆ ಕಾಣಬೇಕಲ್ಲ.

ನನಗೆ ಹತ್ತೊಂಬತ್ತು ಇದ್ದಾಗ ಮೊದಲ ಸಲ ಒಂದು ತಾಯಿಗೆ ಕೆಟ್ಟ ಸುದ್ದಿ ಹೇಳಬೇಕಾಗಿ ಬಂತು. ಬಾಗಿಲ ಹೊರಗೆ ನಿಂತು ಒಳಗೆ ಹೋಗಲಾಗದೆ ಸಿಸ್ಟರನ್ನು ಕರೆದುಕೊಂಡು ಬಂದೆ. ಆ ಹುಡುಗಿಯರಿಗೆ ಕರೆಯಲು ಯಾರೂ ಇರಲಿಲ್ಲ. ಬೆಳಗ್ಗೆ ಎದ್ದು ಮತ್ತೆ ಅದೇ ಕೆಲಸ.

ಹಾಸನದ ಸೊಸೆ:

ಬೇಜಾರು ಮಾಡ್ಕೋಬೇಡಿ, ಮನಸ್ಸಿಗೆ ಬಂದದ್ದನ್ನು ಹೇಳುತ್ತೇನೆ. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಸತ್ತರೂ ಬದುಕಿದರೂ ಜೊತೆಗೇ ಅನ್ನುತ್ತಿದ್ದೆ. ಎರಡು ವರ್ಷದ ಕೂಸು ರಾತ್ರಿ ಎದ್ದು ಅಮ್ಮಾ ಅಂದರೆ ಯಾರು ಓಗೊಡುತ್ತಾರೆ? ಆನ್ ಫ್ರಾಂಕ್ ಮನೆಯವರೆಲ್ಲ ಒಟ್ಟಿಗೇ ಅಡಗಿದ್ದರಲ್ವಾ?

ಇತಿಹಾಸ ಮೇಷ್ಟ್ರು:

ಹಾಸನದ ಸೊಸೆಯವರೇ, ಫ್ರಾಂಕ್ ಕುಟುಂಬದ ಕಥೆ ನಮಗೆಲ್ಲ ಗೊತ್ತಿರುವುದರಿಂದ ಎಲ್ಲರೂ ಹಾಗೇ ಅಡಗಿದ್ದರು ಅಂದುಕೊಳ್ಳುತ್ತೇವೆ. ಆದರೆ ಹಾಗೆ ಮನೆಮಂದಿಯೆಲ್ಲ ಒಂದೇ ಕಡೆ ಇದ್ದದ್ದು ಅಪರೂಪ. ಅವರಿಗೆ ಸ್ವಂತ ಕಚೇರಿಯ ಹಿಂಬದಿ ಇತ್ತು, ನಂಬಿಕಸ್ಥ ಕೆಲಸಗಾರರಿದ್ದರು, ದುಡ್ಡಿತ್ತು. ಅಡಗಿದ್ದ ಆ 8 ಜನರಲ್ಲಿ ಉಳಿದದ್ದು ಅಪ್ಪ ಒಟ್ಟೋ ಒಬ್ಬರೇ.

ಉಳಿದವರ ಸ್ಥಿತಿ ಯೋಚಿಸಿ. ಒಬ್ಬ ರೈತ ಒಂದು ಮಗುವನ್ನು ಅಣ್ಣನ ಮಗ ಅಂತ ಹೇಳಿ ಇಟ್ಟುಕೊಳ್ಳಬಹುದು. ಅಪ್ಪ, ಅಮ್ಮ, ಮೂರು ಮಕ್ಕಳು ಒಟ್ಟಿಗೆ ಬಂದರೆ ಊರಿಗೇ ಗೊತ್ತಾಗುತ್ತದೆ. ಊಟದ ಕಷ್ಟ ಬೇರೆ. ಎಲ್ಲವೂ ರೇಷನ್. ಅಡಗಿದವರಿಗೆ ರೇಷನ್ ಕಾರ್ಡ್ ಎಲ್ಲಿಂದ ಬರಬೇಕು? ಪ್ರತಿರೋಧದವರು, ಅಂದರೆ ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದವರು, ಕಚೇರಿಗಳಿಗೆ ನುಗ್ಗಿ ಕೂಪನ್ ಕದ್ದು ತಂದು ಹಂಚುತ್ತಿದ್ದರು. ಜೊತೆಗೆ ಹಿಡಿದುಕೊಟ್ಟವರಿಗೆ ತಲೆಗೆ ಏಳೂವರೆ ಗಿಲ್ಡರ್ ಬಹುಮಾನ. ಅದನ್ನೇ ಕಸುಬು ಮಾಡಿಕೊಂಡ ಡಚ್ ಜನರ ಗುಂಪೊಂದು 1943ರಲ್ಲಿ ಸಾವಿರಾರು ಜನರನ್ನು ಹಿಡಿದುಕೊಟ್ಟಿತು. ನೆದರ್ಲೆಂಡ್ಸಿನಲ್ಲಿ ಸುಮಾರು 28,000 ಯಹೂದಿಗಳು ಅಡಗಿದ್ದರು, ಅವರಲ್ಲಿ ಸುಮಾರು 12,000 ಜನ ಸಿಕ್ಕಿಬಿದ್ದರು.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ, ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಆ ದೇಶದಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ 1,02,000 ಜನ ಸತ್ತರು. ನಾಲ್ವರಲ್ಲಿ ಮೂವರು. ಪಕ್ಕದ ಬೆಲ್ಜಿಯಂನಲ್ಲಿ ಹತ್ತರಲ್ಲಿ ನಾಲ್ವರು, ಫ್ರಾನ್ಸಿನಲ್ಲಿ ನಾಲ್ವರಲ್ಲಿ ಒಬ್ಬರು. ಇಷ್ಟು ವ್ಯತ್ಯಾಸ ಯಾಕೆ? ಬಚ್ಚಿಟ್ಟುಕೊಳ್ಳಲು ಬೆಟ್ಟ ಇಲ್ಲ, ದೊಡ್ಡ ಕಾಡಿಲ್ಲ ಅನ್ನೋದು ನಿಜ. ಆದರೆ ಅಚ್ಚುಕಟ್ಟಾದ ದಾಖಲೆಯೂ ಒಂದು ಕಾರಣ. 1941ರ ಜನವರಿಯಲ್ಲಿ ಯಹೂದಿಗಳೆಲ್ಲ ಹೆಸರು ಬರೆಸಬೇಕು ಅಂತ ಆದೇಶ ಬಂತು. ಹೆಚ್ಚಿನವರು ಹೋಗಿ ಬರೆಸಿದರು. ಸರ್ಕಾರ ಕೇಳಿದೆ, ಬರೆಸಿದ್ದೇವೆ, ಅಷ್ಟೇ. ಆಮೇಲೆ ಗುರುತಿನ ಚೀಟಿ ಮೇಲೆ 'ಜೆ' ಅಕ್ಷರ. 1941ರ ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಶಾಲೆಯಿಂದ ತೆಗೆದು ಬೇರೆ ಶಾಲೆಗೆ ಹಾಕಿದರು. ಪಾರ್ಕಿಗೆ ಹೋಗುವ ಹಾಗಿಲ್ಲ, ನೀವು ಹೇಳಿದ ಆ ಮೃಗಾಲಯಕ್ಕೂ ಹೋಗುವ ಹಾಗಿಲ್ಲ. 1942ರ ಮೇ ತಿಂಗಳಿಂದ ಹಳದಿ ನಕ್ಷತ್ರ. ಆರು ವರ್ಷ ತುಂಬಿದ ಮಗುವೂ ಬಟ್ಟೆ ಮೇಲೆ ಹೊಲಿದುಕೊಳ್ಳಬೇಕು. ಆ ನಕ್ಷತ್ರಕ್ಕೆ ನಾಲ್ಕು ಸೆಂಟ್ ಕೊಟ್ಟು, ಬಟ್ಟೆಯ ಕೂಪನ್ ಕೊಟ್ಟು ಕೊಂಡುಕೊಳ್ಳಬೇಕಿತ್ತು. ಆಮೇಲೆ ಸೈಕಲ್ ಹೋಯಿತು, ಟ್ರಾಮ್ ಹೋಯಿತು, ರಾತ್ರಿ ಎಂಟರ ಮೇಲೆ ಮನೆಯಿಂದ ಹೊರಗೆ ಬರುವ ಹಾಗಿಲ್ಲ.

ಆ ದಾಖಲೆ ಕಚೇರಿ ಇದ್ದದ್ದೂ ಅದೇ ಪ್ಲಾಂಟಾಜೆ ಬಡಾವಣೆಯಲ್ಲೇ. 1943ರ ಮಾರ್ಚ್ 27ರ ರಾತ್ರಿ ಕಲಾವಿದರು ಮತ್ತು ವಿದ್ಯಾರ್ಥಿಗಳ ಗುಂಪೊಂದು ಪೊಲೀಸ್ ವೇಷದಲ್ಲಿ ಒಳಗೆ ಹೋಗಿ ಬೆಂಕಿ ಇಟ್ಟಿತು. ಬೆಂಕಿ ಆರಿಸಲು ಬಂದವರು ಬೇಕಂತಲೇ ತಡ ಮಾಡಿ, ಆಮೇಲೆ ಕಾರ್ಡುಗಳ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಸುರಿದರು. ಆದರೂ ಹಾಳಾದದ್ದು ನೂರಕ್ಕೆ ಹದಿನೈದು ಭಾಗ ಮಾತ್ರ. ಆ ಗುಂಪಿನ 12 ಜನರನ್ನು ಜುಲೈ 1ಕ್ಕೆ ಗುಂಡಿಟ್ಟು ಕೊಂದರು.

ಕಾಲುವೆ ದಂಡೆ:

ಮೇಷ್ಟ್ರೇ, ಆ ಮೃಗಾಲಯದ ವಿಷಯ ನನಗೆ ಗೊತ್ತಿರಲಿಲ್ಲ. ಓದಿ ಸುಮ್ನೆ ಕೂತೆ.

ಹಾಸನದ ಸೊಸೆ, ಬೇಜಾರು ಯಾಕೆ? ನೀವು ಹೇಳಿದ ಹಾಗೇ ಅಂದ ಅಮ್ಮಂದಿರು ತುಂಬಾ ಜನ ಇದ್ದರು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಹೇಳಿದ್ದು ಕೆಲಸದ ಕ್ಯಾಂಪಿಗೆ ಹೋಗುತ್ತೀರಿ ಅಂತ. ಚಳಿ ಇರುತ್ತದೆ, ಕಷ್ಟ ಇರುತ್ತದೆ, ಜೊತೆಗೆ ಇದ್ದರೆ ಮಗುವಿಗೆ ಒಂದು ತುತ್ತು ಹೇಗಾದರೂ ಹೊಂದಿಸಬಹುದು ಅಂತ ಯಾವ ತಾಯಿಯೂ ಅಂದುಕೊಳ್ಳುತ್ತಾಳೆ. ಗ್ಯಾಸ್ ಕೋಣೆ ಅನ್ನುವುದನ್ನು ಊಹಿಸಲು ಯಾರಿಗೆ ಸಾಧ್ಯವಿತ್ತು?

1943ರ ಜೂನ್‌ನಲ್ಲಿ ನೆದರ್ಲೆಂಡ್ಸಿನದೇ ವುಖ್ಟ್ ಕ್ಯಾಂಪಿನಲ್ಲಿ, ಮಕ್ಕಳಿಗೇ ಅಂತ ಬೇರೆ ಕ್ಯಾಂಪ್ ಇದೆ, ಅಲ್ಲಿಗೆ ಕಳಿಸುತ್ತೇವೆ ಅಂದರು. ಎರಡು ದಿನದಲ್ಲಿ ಸುಮಾರು 1,300 ಮಕ್ಕಳನ್ನು ಹೊರಡಿಸಿದರು. ಜೊತೆಗೆ ಅಮ್ಮನೋ ಅಪ್ಪನೋ ಹೋಗಬಹುದಿತ್ತು, ಹೋದರು. ವೆಸ್ಟರ್‌ಬೋರ್ಕ್ ದಾಟಿ ಪೋಲೆಂಡಿನ ಸಾವಿನ ಕ್ಯಾಂಪ್ ಸೋಬಿಬೋರ್ ಮುಟ್ಟಿದ ದಿನವೇ ಹೆಚ್ಚಿನವರನ್ನು ಕೊಂದರು. ನೆದರ್ಲೆಂಡ್ಸಿನಿಂದ ಸೋಬಿಬೋರ್‌ಗೆ ಹೋದ 34,000ಕ್ಕೂ ಹೆಚ್ಚು ಜನರಲ್ಲಿ ಬದುಕಿ ಬಂದವರು 18.

ಆದ್ದರಿಂದ ನಾನು ಮೊದಲು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ ಅಂತ ಈಗ ಅನಿಸುತ್ತಿದೆ. ಹೇಗೆ ಮನಸ್ಸು ಬಂತು ಅಂತ ಕೇಳಿದೆ. ಹೂಂ ಅಂದವಳ ಮನಸ್ಸೂ ಊಹೂಂ ಅಂದವಳ ಮನಸ್ಸೂ ಮಗುವಿನ ಮೇಲೇ ಇತ್ತು. ಆ ಪ್ರಶ್ನೆ ಅವರ ಮುಂದೆ ಬರುವ ಹಾಗೆ ಮಾಡಿದವರು ಬೇರೆ ಇದ್ದರು.

ಲೂವೆನ್ ಹಾಸ್ಟೆಲ್:

ನಾನು ಬೆಲ್ಜಿಯಂನಲ್ಲಿ ಓದುತ್ತಿದ್ದೇನೆ. ಇಲ್ಲಿನದನ್ನೂ ಸೇರಿಸುತ್ತೇನೆ, ಯಾಕಂದರೆ ಇಲ್ಲಿ ಉಳಿಸಿದ್ದೂ ಪಟ್ಟಿಯೇ.

ಬ್ರಸೆಲ್ಸಿನಲ್ಲಿ ಆಂದ್ರೇ ಗ್ಯೂಲೆನ್ ಅಂತ ಒಬ್ಬ ಟೀಚರ್. ಇಪ್ಪತ್ತು ದಾಟಿದ ಹುಡುಗಿ. ಒಂದು ದಿನ ಕ್ಲಾಸಿಗೆ ಕೆಲವು ಮಕ್ಕಳು ಹಳದಿ ನಕ್ಷತ್ರ ಹೊಲಿದುಕೊಂಡು ಬಂದರು. ಅವರು ಏನು ಮಾಡಿದರು ಗೊತ್ತಾ? ನಾಳೆಯಿಂದ ಎಲ್ಲರೂ ಬಟ್ಟೆ ಮೇಲೆ ಏಪ್ರನ್ ಹಾಕಿಕೊಂಡು ಬನ್ನಿ ಅಂದರು. ಕ್ಲಾಸಿಗೆ ಕ್ಲಾಸೇ ಏಪ್ರನ್. ಯಾರ ಎದೆ ಮೇಲೆ ನಕ್ಷತ್ರ ಇದೆ ಅಂತ ಕಾಣುವ ಹಾಗೇ ಇಲ್ಲ.

ಆಮೇಲೆ ಅವರು ಯಹೂದಿ ರಕ್ಷಣಾ ಸಮಿತಿ ಸೇರಿ ಮಕ್ಕಳನ್ನು ಮನೆಯಿಂದ ಕರೆದುಕೊಂಡು ಹೋಗಿ ಕಾನ್ವೆಂಟು, ಹಾಸ್ಟೆಲ್ಲು, ಹಳ್ಳಿ ಮನೆಗಳಿಗೆ ಸೇರಿಸುವ ಕೆಲಸ ಮಾಡಿದರು. ಆ ಸಮಿತಿ ಐದು ನೋಟ್‌ಬುಕ್ ಇಟ್ಟುಕೊಂಡಿತ್ತು. ಒಂದರಲ್ಲಿ ಮಗುವಿನ ನಿಜ ಹೆಸರು ಮತ್ತು ಒಂದು ನಂಬರ್. ಇನ್ನೊಂದರಲ್ಲಿ ಅದೇ ನಂಬರಿಗೆ ಸುಳ್ಳು ಹೆಸರು. ಮಗು ಇರುವ ವಿಳಾಸ ಮತ್ತೊಂದರಲ್ಲಿ. ಬೇರೆ ಬೇರೆ ಕಡೆ ಇಡುತ್ತಿದ್ದರು. ಒಂದು ಸಿಕ್ಕರೆ ಜರ್ಮನ್ನರಿಗೆ ಏನೂ ಅರ್ಥ ಆಗಬಾರದು, ಯುದ್ಧ ಮುಗಿದ ಮೇಲೆ ಐದನ್ನೂ ಒಟ್ಟಿಗೆ ಇಟ್ಟರೆ ಪ್ರತಿ ಮಗುವೂ ಯಾರ ಮಗು ಅಂತ ಗೊತ್ತಾಗಬೇಕು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಹಾಗೆ ಆ ನೋಟ್‌ಬುಕ್‌ಗಳಲ್ಲಿದ್ದರು. ಗ್ಯೂಲೆನ್ 2022ರಲ್ಲಿ ತೀರಿಕೊಂಡರು, ನೂರು ವರ್ಷ ಬದುಕಿ.

ಮಗು ತನ್ನ ಹೆಸರನ್ನು ಮರೆಯಬೇಕು. ಆಟ ಆಡುವಾಗ ಯಾರಾದರೂ ಹಳೇ ಹೆಸರು ಕೂಗಿದರೆ ತಿರುಗಿ ನೋಡಬಾರದು. ಎರಡು ವರ್ಷದ ಮಗುವಿಗೆ ಇದು ಬೇಗ ಬರುತ್ತದೆ, ಮರೆತೇ ಹೋಗುತ್ತದೆ. ಏಳು ವರ್ಷದ್ದಕ್ಕೆ ಮರೆತ ಹಾಗೆ ನಟಿಸಬೇಕು. ಯಾವುದು ಜಾಸ್ತಿ ಕಷ್ಟ ಅಂತ ನನಗೆ ಹೇಳಲಾಗುವುದಿಲ್ಲ.

ಇತಿಹಾಸ ಮೇಷ್ಟ್ರು:

ನೆದರ್ಲೆಂಡ್ಸಿನಲ್ಲೂ ಇದೇ. ರಾಟರ್‌ಡ್ಯಾಮ್ ನಗರದ ಮೇಲೆ 1940ರ ಮೇ 14ರಂದು ಬಾಂಬ್ ಬಿದ್ದಿತ್ತಲ್ಲ, ಅದರಿಂದ ಎಷ್ಟೋ ಮಕ್ಕಳಿಗೆ ಒಂದೇ ಪಾಠ ಹೇಳಿಕೊಟ್ಟರು: ನಾನು ರಾಟರ್‌ಡ್ಯಾಮಿನವನು, ನಮ್ಮ ಮನೆ ಬಾಂಬಿಗೆ ಸುಟ್ಟು ಹೋಯಿತು. ಕೂದಲು ಕಪ್ಪಿದ್ದ ಮಕ್ಕಳನ್ನು ದಕ್ಷಿಣದ ಲಿಂಬುರ್ಗ್ ಗಣಿ ಊರುಗಳಿಗೆ, ಹೊಂಬಣ್ಣದ ಕೂದಲಿನವರನ್ನು ಉತ್ತರದ ಫ್ರೀಸ್‌ಲಾಂಡಿಗೆ ಕಳಿಸುತ್ತಿದ್ದರು. ಅಲ್ಲಲ್ಲಿನ ಮಕ್ಕಳ ಜೊತೆ ಬೆರೆತು ಹೋಗಲಿ ಅಂತ.

ಹಳೇ ವಕೀಲ:

ಯುದ್ಧ ಮುಗಿದ ಮೇಲಿನ ಕಥೆಯನ್ನು ಯಾರೂ ಎತ್ತಲಿಲ್ಲ. ನಾನು ಕುಟುಂಬ ನ್ಯಾಯಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು, ಅದಕ್ಕೇ ಇದು ನನಗೆ ಹತ್ತಿರದ್ದು.

ಕಾಲುವೆ ದಂಡೆಯವರು ಬರೆದ ಆ ಕಾಲೇಜಿಗೆ ಒಂದು ದಿನ ಪರೀಕ್ಷೆ ನೋಡಲು ಸರ್ಕಾರದಿಂದ ಒಬ್ಬರು ಮಹಿಳೆ ಬಂದರು. ಕಟ್ಟಡದಲ್ಲಿ ಮಕ್ಕಳನ್ನು ಕಂಡು, ಇವರು ಯಹೂದಿ ಮಕ್ಕಳಾ ಅಂತ ಕೇಳಿದರು. ಇದಕ್ಕೆ ನಾನು ಉತ್ತರ ಕೊಡುತ್ತೇನೆ ಅಂತ ನಿಜವಾಗಿ ಅಂದುಕೊಂಡಿದ್ದೀರಾ ಅಂದರು ವಾನ್ ಹುಲ್ಸ್ಟ್. ಆಕೆ ಅವರ ಕೈ ಹಿಡಿದು, ದೇವರಾಣೆಗೂ ಹುಷಾರಾಗಿರಿ ಅಂದರು. ಆಕೆ ಖೆಸೀನಾ ವಾನ್ ಡರ್ ಮೋಲೆನ್, ತಾನೂ ಪ್ರತಿರೋಧದಲ್ಲಿದ್ದವರು, ಮಕ್ಕಳನ್ನು ಸಾಗಿಸಿದವರು.

ಅದೇ ಖೆಸೀನಾ 1945ರಲ್ಲಿ ಯುದ್ಧದ ಸಾಕುಮಕ್ಕಳ ಆಯೋಗದ ಅಧ್ಯಕ್ಷೆ ಆದರು. ಅಪ್ಪ ಅಮ್ಮ ಒಂದು ತಿಂಗಳೊಳಗೆ ಬಂದು ಹೇಳಿಕೊಳ್ಳದಿದ್ದರೆ ಮಗುವಿನ ಹೊಣೆ ಆಯೋಗಕ್ಕೆ ಅಂತ ಕಾನೂನು. ಒಂದು ತಿಂಗಳು! ಪೋಲೆಂಡಿನ ಕ್ಯಾಂಪಿನಿಂದ ಕಾಲೆಳೆದುಕೊಂಡು ಬರುತ್ತಿರುವವರಿಗೆ. ಸೋದರತ್ತೆ, ಚಿಕ್ಕಪ್ಪ ಬಂದು ನಮ್ಮ ಮನೆ ಮಗು ಕೊಡಿ ಅಂದರೆ, ಮಗು ಇಲ್ಲಿ ಹೊಂದಿಕೊಂಡಿದೆ, ಈ ಕ್ರೈಸ್ತ ಮನೆಯಲ್ಲೇ ಇರಲಿ ಅನ್ನುವವರು ಆಯೋಗದಲ್ಲಿ ಹೆಚ್ಚು. ಯಹೂದಿ ಸಂಸ್ಥೆಗಳು, ನಮ್ಮಲ್ಲಿ ಉಳಿದಿರುವುದೇ ಬೆರಳೆಣಿಕೆ, ಈ ಮಕ್ಕಳನ್ನೂ ಕಳೆದುಕೊಳ್ಳಬೇಕಾ ಅಂತ ಜಗಳ ಮಾಡಿದವು. ವರ್ಷಗಟ್ಟಲೆ ನಡೆಯಿತು. ಕೊನೆಗೆ ಮುನ್ನೂರಕ್ಕೂ ಹೆಚ್ಚು ಅನಾಥ ಮಕ್ಕಳು ಯಹೂದಿಯಲ್ಲದ ಮನೆಗಳಲ್ಲೇ ಉಳಿದರು.

ಆಕೆ ಕೆಟ್ಟವರಲ್ಲ. ಜೀವ ಪಣಕ್ಕಿಟ್ಟವರು. ಆದರೂ ಆಯೋಗ ತಪ್ಪು ಮಾಡಿತು ಅಂತಲೇ ನನ್ನ ಅಭಿಪ್ರಾಯ. ಉಳಿಸಿದ ಮಾತ್ರಕ್ಕೆ ಮಗು ನಮ್ಮದಾಗುವುದಿಲ್ಲ.

ಹಾಸನದ ಸೊಸೆ:

ಸರ್, ಇದು ನಮ್ಮ ದೇವಕಿ ಯಶೋದೆ ಕಥೆ ಆಯಿತಲ್ಲ. ಬುಟ್ಟಿಯಲ್ಲಿಟ್ಟು ರಾತ್ರೋರಾತ್ರಿ ದಾಟಿಸಿದ್ದೂ ಹಾಗೇ. ಸಾಕಿದ ತಾಯಿಯ ಹೊಟ್ಟೆ ಉರಿಯುವುದಿಲ್ಲವಾ? ಮೂರು ವರ್ಷ ಗೆಸ್ಟಾಪೋ (ನಾಜಿ ಗುಪ್ತ ಪೊಲೀಸ್) ಭಯದಲ್ಲಿ ಎದೆಗವಚಿಕೊಂಡು ಸಾಕಿರುತ್ತಾಳೆ. ಮಗು ಅವಳನ್ನೇ ಅಮ್ಮಾ ಅನ್ನುತ್ತದೆ.

ಹಳೇ ವಕೀಲ:

ಉರಿಯುತ್ತದೆ ತಾಯೀ. ಎಷ್ಟೋ ಮನೆಗಳಲ್ಲಿ ಹೆತ್ತ ಅಮ್ಮನೇ ಬದುಕಿ ಬಂದಳು, ಮಗು ಅವಳನ್ನು ನೋಡಿ ಸಾಕಿದವಳ ಸೆರಗಿನ ಹಿಂದೆ ಓಡಿತು. ಇಬ್ಬರು ತಾಯಂದಿರಿಗೂ ಮಗುವಿಗೂ ಅನ್ಯಾಯ ಆಯಿತು. ಆದರೆ ದೇವಕಿ ಬದುಕಿದ್ದಳು, ಕೃಷ್ಣ ದೊಡ್ಡವನಾಗಿ ಬಂದು ಅವಳನ್ನು ಬಿಡಿಸಿದ. ಈ ಮಕ್ಕಳಲ್ಲಿ ಬಹಳ ಜನರಿಗೆ ಬಿಡಿಸಲು ಯಾರೂ ಉಳಿದಿರಲಿಲ್ಲ.

ಮಕ್ಕಳ ವಾರ್ಡು:

ಇದರ ಬಗ್ಗೆ ಒಬ್ಬ ಡಾಕ್ಟರು ಕೆಲಸ ಮಾಡಿದ್ದಾರೆ, ಹಾನ್ಸ್ ಕೈಲ್ಸನ್. ಜರ್ಮನಿಯಿಂದ ಓಡಿ ಬಂದ ಯಹೂದಿ, ಯುದ್ಧದಲ್ಲಿ ನೆದರ್ಲೆಂಡ್ಸಿನಲ್ಲೇ ಅಡಗಿದ್ದವರು. ಅವರ ಅಪ್ಪ ಅಮ್ಮ ಪೋಲೆಂಡಿನ ಸಾವಿನ ಕ್ಯಾಂಪ್ ಆಶ್ವಿಟ್ಜ್‌ನಲ್ಲಿ ಸತ್ತರು. ಯುದ್ಧ ಮುಗಿದ ಮೇಲೆ ಅನಾಥ ಮಕ್ಕಳಿಗೆ ಚಿಕಿತ್ಸೆ ಕೊಟ್ಟರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಹುಡುಕಿ ಮಾತಾಡಿಸಿ, 1979ರಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಪ್ರಬಂಧ ಕೊಟ್ಟು ಡಾಕ್ಟರೇಟ್ ಪಡೆದರು. ಕಷ್ಟ ಮೂರು ಹಂತದಲ್ಲಿ ಬಂತು ಅನ್ನುತ್ತಾರೆ: ಮನೆಯಲ್ಲಿ ಭಯ ಶುರುವಾದ ಕಾಲ, ಬೇರೆಯಾಗಿ ಅಡಗಿದ ಅಥವಾ ಕ್ಯಾಂಪಿನಲ್ಲಿದ್ದ ಕಾಲ, ಯುದ್ಧ ಮುಗಿದ ಮೇಲಿನ ಕಾಲ. ಈ ಮೂರನೆಯದು ಚೆನ್ನಾಗಿದ್ದರೆ, ಮೊದಲು ಎಷ್ಟೇ ಅನುಭವಿಸಿದ್ದರೂ ಮಗು ಚೇತರಿಸಿಕೊಂಡಿತು. ಮೂರನೆಯದು ಕೆಟ್ಟರೆ, ಯುದ್ಧದಲ್ಲಿ ಕಡಿಮೆ ಅನುಭವಿಸಿದ್ದ ಮಗುವೂ ಜೀವನವಿಡೀ ನರಳಿತು.

ನಮ್ಮ ವಾರ್ಡಿನಲ್ಲೂ ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ಏನಾಗುತ್ತದೆ ಅನ್ನುವುದರ ಮೇಲೇ ಎಲ್ಲ ನಿಂತಿರುತ್ತದೆ. ಅಡಗಿದ್ದ ಮಕ್ಕಳಿಗೆ ಮಾತ್ರ ಜನ ಏನು ಹೇಳಿದರು? ನೀನು ಸಣ್ಣವನಿದ್ದೆ, ನಿನಗೆ ಏನೂ ಗೊತ್ತಾಗಿಲ್ಲ, ಕ್ಯಾಂಪಿಗೆ ಹೋದವರದ್ದು ನಿಜವಾದ ಕಷ್ಟ. ಅವರು ಬಾಯಿ ಮುಚ್ಚಿಕೊಂಡು ಬೆಳೆದರು. 1991ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಸಲ ಅಂಥವರು ಸೇರಿದರು, ಸುಮಾರು 1,600 ಜನ. ಐವತ್ತು, ಅರವತ್ತು ವರ್ಷದವರು. ಎಷ್ಟೋ ಜನ ತಮ್ಮ ಕಥೆಯನ್ನು ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಅಲ್ಲಿ.

ಯಶವಂತಪುರ:

ಮಕ್ಕಳ ವಿಷಯ ಅಲ್ಲ, ಆದರೂ ನಮ್ಮೂರಿನ ನಂಟು ಅಂತ ಹೇಳುತ್ತೇನೆ. ಬೆಂಗಳೂರಿನ ಐಐಎಸ್‌ಸಿಯ ಹಳೇ ಏರೋನಾಟಿಕ್ಸ್ ಕಟ್ಟಡ ಮಾಡಿದವರು ಒಟ್ಟೋ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನವರು, ಯಹೂದಿ ಅನ್ನುವ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಅವರ ಬಂಧು, ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೂಡ ರಾಮನ್ ಕರೆದದ್ದಕ್ಕೆ 1935-36ರಲ್ಲಿ ಕೆಲವು ತಿಂಗಳು ಇಲ್ಲಿದ್ದರು. ಕಲಿತ ಕೆಲಸ ಕೈಯಲ್ಲಿದ್ದವರಿಗೆ, ಕರೆಯುವವರಿದ್ದವರಿಗೆ ದೇಶ ಬಿಡಲು ದಾರಿ ಸಿಕ್ಕಿತು. ಆಮ್‌ಸ್ಟರ್‌ಡ್ಯಾಮಿನ ತಳ್ಳುಗಾಡಿ ವ್ಯಾಪಾರಿಗೆ, ಬಟ್ಟೆ ಹೊಲಿಯುವವನಿಗೆ ಯಾರು ಪತ್ರ ಬರೆಯಬೇಕು?

ಹಾಸನದ ಸೊಸೆ:

ಪಿಮೆಂಟೆಲ್ ಅವರಿಗೆ, ಸೂಸ್‌ಕಿಂಡ್ ಅವರಿಗೆ ಏನಾಯಿತು ಅಂತ ನೀವು ಬರೆಯಲೇ ಇಲ್ಲ.

ಕಾಲುವೆ ದಂಡೆ:

ಬರೆಯಲು ಕೈ ಬಂದಿರಲಿಲ್ಲ. ಪಿಮೆಂಟೆಲ್ ಅವರನ್ನು 1943ರಲ್ಲಿ ಹಿಡಿದು ಆಶ್ವಿಟ್ಜ್‌ಗೆ ಕಳಿಸಿದರು, ಸೆಪ್ಟೆಂಬರಿನಲ್ಲಿ ಕೊಂದರು. ಅದೇ ತಿಂಗಳು 29ಕ್ಕೆ ಶಿಶುವಿಹಾರ ಖಾಲಿ ಮಾಡಿಸಿದರು. ಸೂಸ್‌ಕಿಂಡ್ ಹೆಂಡತಿ ಮತ್ತು ಪುಟ್ಟ ಮಗಳು 1944ರಲ್ಲಿ ಆಶ್ವಿಟ್ಜ್‌ನಲ್ಲಿ ಹೋದರು, ಸೂಸ್‌ಕಿಂಡ್ 1945ರ ಶುರುವಿನಲ್ಲಿ ಸತ್ತರು. ಅಷ್ಟು ಜನರ ಮಕ್ಕಳ ಹೆಸರು ಪಟ್ಟಿಯಿಂದ ತೆಗೆದವರು.

ವಾನ್ ಹುಲ್ಸ್ಟ್ 107 ವರ್ಷ ಬದುಕಿ 2018ರಲ್ಲಿ ತೀರಿಕೊಂಡರು. ಶಿಶುವಿಹಾರ ಖಾಲಿ ಮಾಡುವ ಹೊತ್ತಿಗೆ ಒಳಗೆ ಎಂಬತ್ತು ತೊಂಬತ್ತು ಮಕ್ಕಳಿದ್ದರಂತೆ. ಎಲ್ಲರನ್ನೂ ಒಯ್ಯಲಾಗುವುದಿಲ್ಲ, ಯಾರನ್ನು ಅಂತ ಇವರೇ ಆರಿಸಬೇಕು. 12 ಮಕ್ಕಳನ್ನು ಕರೆದುಕೊಂಡು ಬಂದರು. ಹದಿಮೂರು ಯಾಕೆ ಆಗಲಿಲ್ಲ ಅಂತ ತಮ್ಮನ್ನೇ ಕೇಳಿಕೊಂಡದ್ದನ್ನು ಮುಪ್ಪಿನಲ್ಲೂ ಹೇಳುತ್ತಿದ್ದರು.

ಲೂವೆನ್ ಹಾಸ್ಟೆಲ್:

ಮುಂದಿನ ತಿಂಗಳು ನಾನು ಆ ಕಡೆ ಬರುತ್ತಿದ್ದೇನೆ ಅಕ್ಕ. ನೋಡಬೇಕು. ಚಿಕ್ಕವರನ್ನು ಕರೆದುಕೊಂಡು ಹೋಗಬಹುದಾ, ಅಣ್ಣನ ಮಕ್ಕಳು ಬರುತ್ತಾರೆ.

ಕಾಲುವೆ ದಂಡೆ:

ಬಾ, ನಮ್ಮ ಮನೆಯಲ್ಲೇ ಉಳ್ಕೋ. ಮ್ಯೂಸಿಯಂ ಒಳಗೆ ತೀರಾ ಚಿಕ್ಕವರು ಬೇಡ ಅನಿಸುತ್ತದೆ. ಹತ್ತಿರದಲ್ಲೇ ವೇಸ್ಪರ್‌ಸ್ಟ್ರಾಟ್‌ನಲ್ಲಿ ಹೆಸರುಗಳ ಗೋಡೆ ಇದೆ, 2021ರಲ್ಲಿ ಕಟ್ಟಿದ್ದು. 1,02,000ಕ್ಕೂ ಹೆಚ್ಚು ಇಟ್ಟಿಗೆ. ಒಂದೊಂದು ಇಟ್ಟಿಗೆಗೆ ಒಂದು ಹೆಸರು, ಹುಟ್ಟಿದ ದಿನ, ಸಾಯುವಾಗ ಎಷ್ಟು ವಯಸ್ಸು.

ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಏನೂ ಹೇಳಿರಲಿಲ್ಲ. ಅವಳಿಗೆ ಇನ್ನೂ ಅಕ್ಷರ ಓದಲು ಬರುವುದಿಲ್ಲ, ಅಂಕಿ ಮಾತ್ರ ಗೊತ್ತು. ಗೋಡೆ ಪಕ್ಕದಲ್ಲೇ ನಡೆಯುತ್ತಾ ಒಂದು ಕಡೆ ನಿಂತಳು. ಅಮ್ಮಾ, ನಾಲ್ಕು, ನಂದು ಅಂದಳು. ಸ್ವಲ್ಪ ಮುಂದೆ ಹೋಗಿ ಇನ್ನೊಂದು ನಾಲ್ಕು ತೋರಿಸಿದಳು. ಆಮೇಲೆ ಇನ್ನೊಂದು.